ಬಾಯಿಗೆ ಬಂದ ಸಾಲು

ಕರಿ ಸಾಸೇಜ್ ಮಾರುವ ಹೆಂಗಸು ಕಾಗದದ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು, ಆದರೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಇನ್ನೇನು ಗುರುತು ಹಿಡಿಯುತ್ತಾಳೆ ಎಂದು ವೆಸಾನಿಗೆ ಗೊತ್ತಾಯಿತು. ಗುರುತು ಹಿಡಿಯಲಿ ಎಂದೇ ತಾನು ಸಾಲಿನಲ್ಲಿ ನಿಂತಾಗ ಟೋಪಿ ತೆಗೆದು ಜೇಬಿಗೆ ತುರುಕಿಕೊಂಡದ್ದೂ ಗೊತ್ತಿತ್ತು.

"ನೀನು ಆ 'ಮೂರನೇ ಪಾಳಿ' ಬ್ಯಾಂಡಿನವನಲ್ವೇನಪ್ಪಾ?" ಎಂದಳು.

"ಹೌದು."

"ಅದೇ ಅಂದ್ಕೊಂಡೆ. ದಿನಾ ರೇಡಿಯೋದಲ್ಲಿ ಬರುತ್ತಲ್ಲ ನಿಮ್ಮ ಹಾಡು, ಆ ಶೂ ಹಾಡು. ಮೊನ್ನೆ ಅಳು ತಡೀಲಾರ್ದೆ ಒಬ್ರಿಗೆ ಸಾಸೇಜ್ ಜೊತೆ ಜಾಮ್ ಹಾಕೋದೇ ಮರ್ತೆ. ಬಿಟ್ಟು ಹೋದೋಳನ್ನ ಹಂಗೆ ವಾಪಸ್ ಕರೆಯೋ ಗಂಡಸು ಎಲ್ಲಿದಾನೆ ಹೇಳು? ನನ್ನ ಗಂಡ ಆಗಿದ್ರೆ ಶೂ ಜೊತೆ ನನ್ನನ್ನೂ ಆಚೆಗೆಸೀತಿದ್ದ."

ಹಿಂದೆ ನಿಂತಿದ್ದವರು ನಕ್ಕರು. ವೆಸಾನೂ ನಕ್ಕ. ನಗು ಮುಗಿಯುವ ಮುಂಚೆಯೇ ಅವನ ಬಾಯಿಂದ ಮಾತು ಹೊರಬಿದ್ದಿತ್ತು. "ಅದು ಬ್ಯಾಂಡಿನ ಹಾಡಲ್ಲ. ನಾನೊಬ್ನೇ ಮಾಡಿದ್ದು. ಇವತ್ತು ಆಲ್ಬಮ್ ಬಂದಿದೆ, ನನ್ನ ಹೆಸರಿನಲ್ಲಿ."

"ಹೌದಾ? ಏನು ನಿನ್ನ ಹೆಸರು?"

ಹೇಳಿದ. ಅವಳು ಹೂಂ ಎಂದು, ಚಿಲ್ಲರೆ ಕೇಳಿದ ಗಿರಾಕಿಗೆ ಇಲ್ಲ ಎಂದು ತಲೆಯಾಡಿಸುವ ಹಾಗೆ ತಲೆಯಾಡಿಸಿ, ಅವನ ಹಿಂದಿನವನ ಕಡೆ ತಿರುಗಿದಳು.

ಸಂತೆ ನಡೆಯುವ ತಮ್ಮೆಲಾ ಚೌಕದ ಮೂಲೆಯ ಎತ್ತರದ ಮೇಜಿಗೆ ಒರಗಿ ನಿಂತು ತಿನ್ನುವಾಗ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಎಲ್ಲರಿಗೂ ಆಗುವಷ್ಟೇ ಅಸಹ್ಯ, ತಿನ್ನುವುದನ್ನು ನಿಲ್ಲಿಸುವಷ್ಟೇನೂ ಅಲ್ಲ. ಮೇ ತಿಂಗಳ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬರ್ಚ್ ಮರಗಳ ಎಲೆಗಳು ಇನ್ನೂ ಇಲಿಯ ಕಿವಿಯಷ್ಟೇ ಇದ್ದವು. ಕೋಟಿನ ಒಳಜೇಬಿನಲ್ಲಿ ಬೆಳಗಿನ ಪತ್ರಿಕೆ ಇತ್ತು. ಅದರಲ್ಲಿ ಬರೆದದ್ದು ಬಾಯಿಪಾಠವಾಗಿತ್ತು. ಇಪ್ಪತ್ತು ವರ್ಷ ಬೇರೊಬ್ಬರ ಮಾತನ್ನು ಹಾಡಿದವನು ಕೊನೆಗೂ ತನ್ನ ಮಾತನ್ನು ಹಾಡಿದ್ದಾನೆ. ಹೀಗೆ ಶುರುವಾಗಿ ಆ ಬರಹ ಆ ಒಂದೇ ಹಾಡಿನ ಸುತ್ತ ಸುತ್ತಿ ಮುಗಿದಿತ್ತು. ಉಳಿದ ಹಾಡುಗಳ ಹೆಸರು ಕೂಡ ಇರಲಿಲ್ಲ. ಇಡೀ ಚಳಿಗಾಲ ಅಡುಗೆಮನೆಯ ಮೇಜಿನ ಮುಂದೆ ಕೂತು ಅವನು ಹೆಣಗಿ ಬರೆದದ್ದು ಆ ಉಳಿದವುಗಳನ್ನೇ. ಕೇಳಿದರೆ, ಬ್ಯಾಂಡಿಗೆ ಹಾಡು ಬರೆದುಕೊಡುತ್ತಿದ್ದ ರೈಮೊನ ಹಾಗೆ ಬರೆಯಲು ಹೋಗಿ ಯಾರೋ ಸೋತದ್ದು ಅನ್ನಿಸುತ್ತಿತ್ತು. ಈ ಒಂದನ್ನು ಮಾತ್ರ ಅವನು ಹೆಣಗದೆ, ಕಾಫಿ ಕುದಿಯುವಷ್ಟರಲ್ಲಿ ಮುಗಿಸಿದ್ದ. ಅದು ತಾನಾಗಿ ಬಾಯಿಗೆ ಬಂದಿತ್ತು.

ರೈಮೊ ಬರೆಯುತ್ತಿದ್ದ ರೀತಿಯೇ ಬೇರೆ. ಹಗಲು ನಗರದ ಬಸ್ ಓಡಿಸಿ, ಸಂಜೆ ಡ್ರೈವರ್ ಅಂಗಿಯಲ್ಲೇ, ಬ್ಯಾಂಡ್ ಅಭ್ಯಾಸ ಮಾಡುವ ಹಳೇ ಗಿರಣಿಯ ನೆಲಮಾಳಿಗೆಗೆ ಬರುತ್ತಿದ್ದ. ಬೇಸ್ ಗಿಟಾರಿನ ತಂತಿ ಬಿಗಿಯುತ್ತ, ಯಾರ ಮುಖವನ್ನೂ ನೋಡದೆ, ಹೊಸ ಹಾಡಿನ ಮಾತನ್ನು ಒಂದು ಸಲ ಹೇಳುತ್ತಿದ್ದ. ಏರಿಲ್ಲ, ಇಳಿವಿಲ್ಲ. ಹೇಳಿ ಮುಗಿಸಿ ತಂತಿಯನ್ನೊಮ್ಮೆ ಮೀಟಿ, ಸರಿಯಾಯಿತೋ ಇಲ್ಲವೋ ಎಂದು ಕಿವಿಗೊಡುತ್ತಿದ್ದ. "ನಾನು ಹಾಡಿದ್ರೆ ಮುಂದಿನ ಸ್ಟಾಪ್ ಯಾವ್ದು ಅಂತ ಕೂಗಿದಂಗಿರುತ್ತೆ ಕಣೋ. ನೀನೇ ಹೇಳು," ಎನ್ನುತ್ತಿದ್ದ. ವೆಸಾ ಹೇಳುತ್ತಿದ್ದ. ಎರಡು ಸಲ, ಮೂರು ಸಲ ಹಾಡುವಷ್ಟರಲ್ಲಿ ಆ ಮಾತುಗಳು ತನ್ನ ಹಲ್ಲು ನಾಲಿಗೆಗಳ ನಡುವೆಯೇ ಹುಟ್ಟಿದವು ಅನ್ನಿಸತೊಡಗುತ್ತಿತ್ತು. ಮೊದಮೊದಲು ಜನ ರಸ್ತೆಯಲ್ಲಿ ತಡೆದು ನಿಲ್ಲಿಸಿ, ನಮ್ಮ ಮನೆಯ ಕಥೆಯನ್ನೇ ಬರೆದಿದ್ದೀರಿ ಎಂದಾಗ, ಬರೆದವನು ರೈಮೊ ಎಂದು ತಿದ್ದುತ್ತಿದ್ದ. ಜನಕ್ಕೆ ಅದು ಬೇಕಿರಲಿಲ್ಲ. ಅವರ ಮುಖ ಸಪ್ಪಗಾಗುತ್ತಿತ್ತು. ಯಾವ ವರ್ಷದಿಂದಲೋ ತಿದ್ದುವುದನ್ನು ಬಿಟ್ಟು ಥ್ಯಾಂಕ್ಸ್ ಎನ್ನತೊಡಗಿದ. ರೈಮೊ ಪಕ್ಕದಲ್ಲೇ ನಿಂತಿದ್ದಾಗಲೂ ಒಮ್ಮೆ ಹಾಗೆಂದಿದ್ದ. ರೈಮೊ ಆಗ ಸಿಗರೇಟು ಹಚ್ಚುತ್ತಿದ್ದವನು ಗಾಳಿಗೆ ಬೆನ್ನು ತಿರುಗಿಸಿದ್ದ, ಅಷ್ಟೆ.

ಪಿಹ್ಲಾ ಸತ್ತ ಮೇಲೆ ರೈಮೊ ಬರೆಯಲಿಲ್ಲ. ಹದಿನಾರು ತುಂಬಿದ ಮಗಳು. ಏಪ್ರಿಲ್ ತಿಂಗಳಲ್ಲಿ, ಮೇಲೆ ಗಟ್ಟಿಯಾಗಿ ಕಾಣುವ ಮಂಜುಗಡ್ಡೆಯ ಮೇಲೆ ಸರೋವರ ದಾಟಿ ಗೆಳತಿಯ ಮನೆಗೆ ಹೊರಟಿದ್ದಳು. ದಡ ಅಲ್ಲೇ ಕಾಣುತ್ತಿರುವಾಗ ಕಾಲಡಿಯ ಗಡ್ಡೆ ಒಡೆಯಿತು. ಅದಾದ ಮೇಲೂ ರೈಮೊ ಬಸ್ ಓಡಿಸಿದ, ನೆಲಮಾಳಿಗೆಗೆ ಬಂದ, ತಂತಿ ಬಿಗಿದ, ಹಳೆ ಹಾಡುಗಳನ್ನು ಒಂದು ಸ್ವರ ತಪ್ಪದೆ ನುಡಿಸಿದ. ಹೊಸದೇನಾದರೂ ಇದೆಯಾ ಎಂದು ಯಾರೂ ಕೇಳಲಿಲ್ಲ. ಒಂದು ವರ್ಷ, ಮತ್ತೊಂದು ವರ್ಷ. ರೆಕಾರ್ಡ್ ಕಂಪನಿಯವರು ವೆಸಾನನ್ನು ಒಬ್ಬನನ್ನೇ ಹೆಲ್ಸಿಂಕಿಗೆ ಕರೆಸಿ ಊಟ ಹಾಕಿಸಿ, ಜನ ಮರೆಯುವ ಮೊದಲು ನೀನಾದರೂ ಒಂದು ಆಲ್ಬಮ್ ಮಾಡು, ಬ್ಯಾಂಡ್ ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು. ಓಡಿಹೋಗಲಿ ಎಂಬ ಆಸೆ ತನ್ನೊಳಗೆ ಇತ್ತೇ? ರೈಲಿನಲ್ಲಿ ವಾಪಸು ಬರುವಾಗ ಕಿಟಕಿಯ ಗಾಜಿನಲ್ಲಿ ಕಂಡ ತನ್ನ ಮುಖ ಲವಲವಿಕೆಯಿಂದಿತ್ತು. ಹಲವು ತಿಂಗಳಿಂದ ಹಾಗಿರಲಿಲ್ಲ.

ಪಿಹ್ಲಾಳ ಅಂತ್ಯಕ್ರಿಯೆಯ ದಿನ. ಸಣ್ಣ ಚರ್ಚು. ಮುಂದೆ ಬಿಳಿ ಪೆಟ್ಟಿಗೆ. ಒಬ್ಬೊಬ್ಬರಾಗಿ ಎದ್ದು ಹೋಗಿ ಹೂ ಇಟ್ಟು, ಹೂವಿನ ಜೊತೆಗಿರುವ ಚೀಟಿಯ ಮಾತನ್ನು ಎಲ್ಲರಿಗೂ ಕೇಳುವ ಹಾಗೆ ಓದಬೇಕು. ಮೊದಲು ಹೆತ್ತವರು. ತುಯ್ಯಾ ಹೂ ಇಟ್ಟು ಗಂಡನ ತೋಳಿಗೆ ಹಣೆ ಒತ್ತಿ ನಿಂತಳು. ರೈಮೊ ಚೀಟಿ ಬಿಡಿಸಿದ. ತುಟಿ ಅಲುಗಿತು, ದನಿ ಬರಲಿಲ್ಲ. ಮತ್ತೆ ಅಲುಗಿತು. ಬೆಂಚುಗಳಲ್ಲಿ ಕೂತವರೆಲ್ಲ ತಮ್ಮ ತಮ್ಮ ಶೂಗಳನ್ನು ನೋಡಿಕೊಳ್ಳುತ್ತಿದ್ದರು. ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ಎರಡನೇ ಸಾಲಿನಿಂದ ವೆಸಾ ಎದ್ದಿದ್ದ. ಏಳಬೇಕು ಎಂದು ಯೋಚಿಸಿ ಎದ್ದದ್ದಲ್ಲ. ವೇದಿಕೆಯ ಮೇಲೆ ಮೌನ ಬಿದ್ದಾಗ ಅವನ ಕಾಲು ತಾನಾಗಿ ಮುಂದೆ ಹೋಗುತ್ತಿತ್ತು, ಹಾಗೆಯೇ ಹೋಯಿತು. ರೈಮೊನ ಕೈಯಿಂದ ಚೀಟಿ ತೆಗೆದುಕೊಂಡ. ಬೆರಳುಗಳು ಬಿಡಲಿಲ್ಲ, ಆಮೇಲೆ ಬಿಟ್ಟವು. ಓದಿದ. ಶೂ ಬಿಚ್ಚಬೇಡ ಮಗಳೇ, ಹಾಗೇ ಒಳಗೆ ಬಾ. ಇಡೀ ಚರ್ಚು ಬಿಕ್ಕಿತು. ದನಿಯನ್ನು ಎಲ್ಲಿ ತಗ್ಗಿಸಬೇಕು, 'ಹಾಗೇ' ಅನ್ನುವಲ್ಲಿ ಎಷ್ಟು ತಡೆಯಬೇಕು ಎಂಬುದು ಅವನ ಗಂಟಲಿಗೆ ಗೊತ್ತಿತ್ತು. ಆಮೇಲೆ ಬಂದವರಿಗೆಲ್ಲ ಕೊಟ್ಟ ಕಾಫಿಯ ಹೊತ್ತಿನಲ್ಲಿ ಎಷ್ಟೋ ಜನ ಬಂದು ಅವನ ಕೈ ಹಿಡಿದು, ಎಷ್ಟು ಚೆನ್ನಾಗಿ ಓದಿದಿರಿ ಎಂದರು. ಸಾವಿನ ಮನೆಯ ಕೇಕನ್ನು ಬಾಯಲ್ಲಿಟ್ಟುಕೊಂಡು ಅವನು ಥ್ಯಾಂಕ್ಸ್ ಎಂದ.

ಅದು ಹೂವಿನಂಗಡಿಯ ಸಾಲು ಎಂದು ಅವನು ಅಂದುಕೊಂಡಿದ್ದ. ತನ್ನ ತಾಯಿ ಸತ್ತಾಗ ಹೂವಿನಂಗಡಿಯವಳು ಒಂದು ದಪ್ಪ ಕಡತ ಮುಂದಿಟ್ಟು, "ತಾಯಿಗೆ ಅಂದ್ರೆ ಈ ಪುಟದಿಂದ. ನಂಬರ್ ಹೇಳಿ ಸಾಕು, ನಾನೇ ಬರ್ಕೋತೀನಿ," ಎಂದಿದ್ದಳು. ಎಲ್ಲರೂ ಹಾಗೆಯೇ ಆರಿಸುವುದು. ಅದೇ ನಾಲ್ಕು ಸಾಲು ಒಂದೇ ವಾರದಲ್ಲಿ ಮೂರು ಹೆಣಗಳ ಮುಂದೆ ಓದಿದರೂ ಯಾರೂ ಆಕ್ಷೇಪಿಸುವುದಿಲ್ಲ, ಯಾಕೆಂದರೆ ಅವು ಯಾರವೂ ಅಲ್ಲ. ಹಾಗಾಗಿ ಅಡುಗೆಮನೆಯಲ್ಲಿ ಅದು ಬಾಯಿಗೆ ಬಂದಾಗ ಅವನು ತಡೆಯಲಿಲ್ಲ. 'ಮಗಳೇ' ಎಂಬುದು ರಾಗಕ್ಕೆ ಕೂರಲಿಲ್ಲ, ತೆಗೆದ. ರೆಕಾರ್ಡಿಂಗ್ ನೋಡಿಕೊಂಡವನು ಅದನ್ನು ಕೇಳಿ, "ಯಾರನ್ನ ಕರೀತಿದಾನೆ ಅಂತ ಹೇಳದೇ ಇರೋದೇ ಇದರ ಬೆಲೆ," ಎಂದ. ಕನ್ನಡಿಯಂಥ ಗಾಜಿನ ಹಿಂದೆ ನಿಂತು ಹಾಡುವಾಗ, 'ಹಾಗೇ' ಎಂಬಲ್ಲಿ ಅವನ ದನಿ ಒಡೆಯಿತು. ನಿಜವಾಗಿಯೂ ಒಡೆಯಿತು, ಚರ್ಚು, ಬಿಳಿ ಪೆಟ್ಟಿಗೆ, ಬಿಡದ ಬೆರಳು ಎಲ್ಲ ಒಟ್ಟಿಗೆ ಬಂದವು. ಒಡೆದ ಗಳಿಗೆಯಲ್ಲೇ, ಇದನ್ನು ಇವರು ಉಳಿಸಿಕೊಳ್ಳುತ್ತಾರೆ ಎಂದೂ ಅವನಿಗೆ ಹೊಳೆಯಿತು. ಗಾಜಿನಾಚೆಯಿಂದ, ಇನ್ನೊಂದು ಸಲ ಸುಮ್ಮನೆ ತೆಗೆದುಕೊಳ್ಳೋಣ ಎಂದರು. ಎರಡನೆಯ ಸಲವೂ ಅಲ್ಲೇ ಒಡೆದ. ಆಲ್ಬಮ್ಮಿನಲ್ಲಿರುವುದು ಎರಡನೆಯದು, ಅದು ಹೆಚ್ಚು ಚೆನ್ನಾಗಿತ್ತು.

ಹಾಡು ರೇಡಿಯೋದಲ್ಲಿ ಬರಲು ಶುರುವಾಗಿ ಒಂದು ತಿಂಗಳ ಮೇಲಾಗಿತ್ತು. ಬಸ್ಸಿನಲ್ಲಿ ಡ್ರೈವರನ ತಲೆಯ ಹತ್ತಿರ ಸಣ್ಣ ರೇಡಿಯೋ ಇರುತ್ತದೆ. ರೈಮೊ ಕೇಳಿರದೇ ಇರಲು ಸಾಧ್ಯವಿರಲಿಲ್ಲ. ಆದರೂ ಪ್ರತಿ ಶುಕ್ರವಾರ, ಡ್ರಮ್ಸ್ ಬಾರಿಸುವ ತಾತು ಇರುವ ಕಟ್ಟಡದ ನೆಲಮಾಳಿಗೆಯ ಸೌನಾಕ್ಕೆ, ಬೆವರಿಳಿಸುವ ಆ ಬಿಸಿ ಕೋಣೆಗೆ, ಅವನು ಬರುತ್ತಲೇ ಇದ್ದ. ಕಟ್ಟಡದ ಮನೆಮನೆಗೆ ಒಂದೊಂದು ಗಂಟೆ ಹಂಚಿದ್ದರಲ್ಲಿ ನಾಲ್ಕಕ್ಕೆ ತಾತುವಿನ ಸರದಿ. ಇಪ್ಪತ್ತು ವರ್ಷದಿಂದ ಮೂವರೂ ಆ ಒಂದು ಗಂಟೆ ಬಿಸಿ ಹಲಗೆಗಳ ಮೇಲೆ ಬೆತ್ತಲೆ ಕೂತು ಬೆವರಿ, ಹೊರಗಿನ ಸಣ್ಣ ಕೋಣೆಯಲ್ಲಿ ಒಂದೊಂದು ಬಿಯರ್ ಕುಡಿದು ಏಳುವುದು. ಸೌನಾದೊಳಗೆ ವ್ಯವಹಾರ ಮಾತಾಡುವಂತಿಲ್ಲ, ಜಗಳ ಆಡುವಂತಿಲ್ಲ. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಚರ್ಚಿನಲ್ಲಿ ಹೇಗಿರಬೇಕೋ ಇಲ್ಲಿಯೂ ಹಾಗೇ ಎಂದು ಅಪ್ಪಂದಿರ ಪಕ್ಕ ಕೂತೇ ಕಲಿತದ್ದು. ಹೇಳಬೇಕು, ಹಾಡಿನ ವಿಷಯ ಹೇಳಿಬಿಡಬೇಕು ಎಂದು ಪ್ರತಿ ಶುಕ್ರವಾರ ಮೆಟ್ಟಿಲಿಳಿಯುತ್ತಿದ್ದ ವೆಸಾನಿಗೆ ಆ ನಿಯಮವೇ ಆಸರೆಯಾಗಿತ್ತು. ಬಿಯರ್ ಹೊತ್ತಿನಲ್ಲಿ ತಾತು ಬಿಡುವಿಲ್ಲದೆ ಹರಟುತ್ತಿದ್ದ. ರೈಮೊ ಬಾಟಲಿಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದ. ಒಂದು ಮಾತು, ಬೈಗುಳವೇ ಆಗಲಿ, ಬಂದಿದ್ದರೆ ಸಾಕಿತ್ತು. ಬರಲಿಲ್ಲ. ಬಾರದೇ ಇದ್ದದ್ದನ್ನು ವೆಸಾ ಒಂದು ವಾರ ಕ್ಷಮೆ ಎಂದುಕೊಂಡ, ಇನ್ನೊಂದು ವಾರ ತಿರಸ್ಕಾರ ಎಂದುಕೊಂಡ.

ಈ ಶುಕ್ರವಾರ ರೈಮೊ ಬರುತ್ತಾನೋ ಇಲ್ಲವೋ. ಆರಕ್ಕೆ ಗಿರಣಿಯ ಸಭಾಂಗಣದಲ್ಲಿ ಹೊಸ ಆಲ್ಬಮ್ಮಿನ ಮೊದಲ ಕಾರ್ಯಕ್ರಮ. ಕಂಪನಿಯವರು ಕೊಟ್ಟ ಹೊಸ ಹುಡುಗರು ವಾದ್ಯ ಹಿಡಿದು ಆಗಲೇ ಅಲ್ಲಿದ್ದಾರೆ. ಸೌನಾ ತಪ್ಪಿಸಲು ಅವನಿಗೆ ಒಳ್ಳೆಯ ನೆಪವೇ ಇತ್ತು. ತಪ್ಪಿಸಿದರೆ ಹೆದರಿದ ಅನ್ನುತ್ತಾರೆ. ಯಾರು ಅನ್ನುತ್ತಾರೆ? ಅನ್ನುವ ಪೈಕಿ ಅಲ್ಲ ರೈಮೊ.

ಬಟ್ಟೆ ಬಿಚ್ಚುವ ಕೋಣೆಯಲ್ಲಿ ಗೂಟಕ್ಕೆ ಡ್ರೈವರ್ ಅಂಗಿ ತೂಗುತ್ತಿತ್ತು. ವೆಸಾ ಪಕ್ಕದ ಗೂಟ ಬಿಟ್ಟು ಆಚೆಯದಕ್ಕೆ ಕೋಟು ಹಾಕಿದ. ತಾತು ಹೊಟ್ಟೆ ಸವರಿಕೊಳ್ಳುತ್ತ ನಿಂತಿದ್ದ.

"ಓಹೋ, ಬಂದ್ರಪ್ಪಾ ನಮ್ಮ ಒಂಟಿ ಕಲಾವಿದರು! ಟವಲ್ಲಿಗೂ ಹೆಸರು ಹಾಕಿಸಿದ್ದೀಯೋ ಹೆಂಗೆ?"

"ಬಾಯ್ಮುಚ್ಚೋ."

"ಇಲ್ಲ ಮಾರಾಯ, ಕೇಳ್ದೆ ನಾನು. ಬೆಳಿಗ್ಗೇನೇ ಪೂರ್ತಿ ಕೇಳ್ದೆ. ಡ್ರಮ್ಸ್ ಯಾರೋ ಬಾರಿಸಿದ್ದು? ಗೋಡೆಗೆ ಮೊಳೆ ಹೊಡ್ದಂಗೆ ಒಂದೇ ಸಮ. ಒಂದು ಕಡೆ ಆದ್ರೂ ತಪ್ಪಬಾರ್ದಾ ನನ್ಮಗ."

"ಹಾಡು ಹೇಗಿದೆ?"

ತಾತು ಟವಲ್ ಮಡಿಸಿದ. ಮಡಿಸಿದ್ದನ್ನು ಮತ್ತೆ ಬಿಡಿಸಿದ. "ಒಳಗಿದಾನೆ," ಎಂದ, ದನಿ ತಗ್ಗಿಸಿ. "ಅರ್ಧ ಗಂಟೆ ಮುಂಚೇನೇ ಬಂದ. ಅಷ್ಟು ಬೇಗ ಯಾವತ್ತೂ ಬಂದೋನಲ್ಲ. ನಾನು ಒಂದು ಸುತ್ತು ಮುಗಿಸ್ದೆ, ಈಗ ಬರಲ್ಲ. ನೀನು ಹೋಗು."

ಮೇಲಿನ ಹಲಗೆಯ ಮೂಲೆಯಲ್ಲಿ ರೈಮೊ ಮೊಣಕಾಲಿನ ಮೇಲೆ ಮೊಣಕೈ ಊರಿ ಕೂತಿದ್ದ. ತಲೆ ಎತ್ತಲಿಲ್ಲ. ವೆಸಾ ಎಂದಿನ ಜಾಗದಲ್ಲಿ ಕೂತ. ಬೆತ್ತಲೆ ಕೂತವನಿಗೆ ಕೈ ಇಟ್ಟುಕೊಳ್ಳಲು ಜೇಬಿಲ್ಲ. ಒಲೆಯ ಕಲ್ಲುಗಳು ಚಿಟಿಚಿಟಿ ಅನ್ನುತ್ತಿದ್ದವು. ರೈಮೊನ ಬೆನ್ನಿನ ಮೂಳೆಗಳು ಹೀಗೆ ಎದ್ದು ಕಾಣತೊಡಗಿದ್ದು ಯಾವಾಗ? ವಾರವಾರವೂ ಈ ಬೆನ್ನನ್ನು ನೋಡಿಯೂ ನೋಡಿರಲಿಲ್ಲ.

"ಹಾಕ್ಲಾ?" ಎಂದ ರೈಮೊ.

"ಹಾಕು."

ರೈಮೊ ಬಕೆಟ್ಟಿನಿಂದ ಸೌಟಿನಲ್ಲಿ ನೀರು ತೆಗೆದು ಕಲ್ಲಿನ ಮೇಲೆ ಹಾಕಿದ. ಹಬೆ ಎದ್ದು ಬಂದು ಕಿವಿ ಸುಟ್ಟಿತು. ಇಬ್ಬರೂ ತಲೆ ತಗ್ಗಿಸಿದರು. ಅದು ಇಳಿಯುವವರೆಗೂ ಮಾತಾಡಬೇಕಿಲ್ಲ, ಉಸಿರಾಡಿದರೆ ಸಾಕು. ಅದು ಇಳಿಯದೇ ಇರಲಿ ಎಂದು ವೆಸಾ ಬೇಡಿಕೊಂಡ.

"ಕಲ್ಲು ನಿಲ್ಸಿದ್ರು," ಎಂದ ರೈಮೊ.

"ಯಾವ ಕಲ್ಲು?"

"ಪಿಹ್ಲಾ ಸಮಾಧೀದು. ಎರಡು ವರ್ಷ ಯಾವ್ದೂ ಒಪ್ಪಲಿಲ್ಲ ತುಯ್ಯಾ. ಹೋದ ಚಳಿಗಾಲದಲ್ಲಿ ಒಪ್ಪಿದ್ಲು. ಕೆತ್ತಿಸಿ ಇಟ್ಟಿದ್ವಿ. ನೆಲದ ಹಿಮ ಕರಗಿದ ಮೇಲೆ, ಹೋದ ವಾರ ನಿಲ್ಸಿದ್ರು."

"ನನಗೆ ಹೇಳ್ಬಾರ್ದಿತ್ತಾ? ಬರ್ತಿದ್ದೆ."

ರೈಮೊ ಅಂಗೈಯಿಂದ ಮುಖ ಒರೆಸಿಕೊಂಡ. "ನಿನ್ನೆ ತುಯ್ಯಾ ಅಲ್ಲಿನ ಗಿಡಕ್ಕೆ ನೀರು ಹಾಕೋಕೆ ಹೋಗಿದ್ಲು. ಯಾರೋ ಗಂಡ ಹೆಂಡ್ತಿ, ವಯಸ್ಸಾದೋರು, ಪಕ್ಕದ ಸಾಲಿನಲ್ಲಿ ಬರ್ತಿದ್ರಂತೆ. ನಿಂತು ಓದಿದ್ರಂತೆ. ಓದಿ ಆ ಹೆಂಗಸು ಗಂಡನಿಗೆ ಹೇಳಿದ್ಲಂತೆ, ನೋಡ್ರಿ, ರೇಡಿಯೋ ಹಾಡಿನದು ಇಲ್ಲಿ ಹಾಕಿದಾರೆ, ಅಂತ. ಪಾಪ, ಹುಡುಗಿಗೆ ಆ ಹಾಡು ಇಷ್ಟ ಇತ್ತೇನೋ, ಅಂತ."

ಒಲೆಯ ಕಲ್ಲುಗಳ ಚಿಟಿಚಿಟಿ ನಿಂತಿತ್ತು. ಏನನ್ನು ಕೆತ್ತಿಸಿದ್ದಾರೆ ಎಂದು ಕೇಳಬೇಕಾಗಿರಲಿಲ್ಲ. ಆದರೂ ಅವನ ಬಾಯಿ, ತಪ್ಪಿಸಿಕೊಳ್ಳಲು ಸಂದು ಹುಡುಕುತ್ತ, "ಅದು ಅಂಗಡಿಯ ಕಡತದಲ್ಲಿತ್ತು ಅಂದ್ಕೊಂಡಿದ್ದೆ ಕಣೋ," ಎಂದಿತು.

"ಕಡತ ಕೊಟ್ಲು ಅಂಗಡಿಯವಳು. ಮಕ್ಕಳಿಗೆ ಅಂತ ಬೇರೆ ಪುಟ ಇತ್ತು. ದೇವದೂತರು, ನಕ್ಷತ್ರ, ಅದು ಇದು. ಮುಚ್ಚಿ ವಾಪಸ್ ಕೊಟ್ಟೆ. ಅಲ್ಲೇ ನಿಂತ್ಕೊಂಡು ಹೇಳ್ದೆ, ಬರ್ಕೊಂಡ್ಲು." ಅವನ ದನಿ ಮೊದಲಿನ ಹಾಗೆಯೇ ಸಪಾಟಾಗಿತ್ತು, ಏರಿಲ್ಲ, ಇಳಿವಿಲ್ಲ. "ದಿನಾ ಬೈತಿದ್ದೆ ಅವಳಿಗೆ. ಹಿಮದ ಬೂಟು ಹಾಕ್ಕೊಂಡೇ ಒಳಗೆ ಬರೋಳು. ಅಡುಗೆಮನೆವರೆಗೂ ನೀರು. ಅವತ್ತು ಬೆಳಿಗ್ಗೆನೂ ಬೈದಿದ್ದೆ."

ಶೂ ಬಿಚ್ಚಬೇಡ ಎಂಬ ಮಾತು ಹೂವಿನಂಗಡಿಯ ಕಡತದಲ್ಲಿ ಇರಲು ಹೇಗೆ ಸಾಧ್ಯ? ದೇವದೂತರ ನಡುವೆ, ನಕ್ಷತ್ರಗಳ ನಡುವೆ, ಅಡುಗೆಮನೆಯ ನೆಲ ಒದ್ದೆ ಮಾಡುವ ಬೂಟು? ಮೂರು ವರ್ಷ ಅವನು ಇದನ್ನು ನಂಬಿದ್ದ. ಬೇರೆ ಯಾರಿಗಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಗೊತ್ತಿತ್ತು. ಓದುವಾಗಲೇ, ಆ ಚೀಟಿ ಹಿಡಿದುಕೊಂಡು ನಿಂತಾಗಲೇ, ಇದು ರೈಮೊನದು ಎಂದು ಅವನ ಗಂಟಲಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಅದು ಉಂಡದ್ದು ಆ ರುಚಿಯನ್ನೇ. ಗೊತ್ತಿದ್ದದ್ದಕ್ಕೇ ಅಷ್ಟು ಚೆನ್ನಾಗಿ ಓದಿದ. ಗೊತ್ತಿಲ್ಲ ಎಂಬ ನಂಬಿಕೆಯನ್ನು ಆಮೇಲೆ, ನಿಧಾನವಾಗಿ, ಹಲವು ತಿಂಗಳು ಕೂತು ಕಟ್ಟಿದ್ದ. ಆಲ್ಬಮ್ಮಿನಲ್ಲಿ ಅವನು ನಿಜವಾಗಿ ಒಬ್ಬನೇ ಮಾಡಿದ್ದು ಅದೊಂದೇ.

"ನಾನು ಹೇಳ್ತೀನಿ," ಎಂದ. ದನಿ ದೊಡ್ಡದಾಯಿತು. "ಇವತ್ತೇ, ಎಲ್ಲರ ಮುಂದೆ ಹೇಳ್ತೀನಿ. ಇದು ನಿನ್ನದು ಅಂತ. ಪಿಹ್ಲಾಗೆ ಬರೆದದ್ದು ಅಂತ. ಪೇಪರಿನೋರಿಗೂ ಹೇಳ್ತೀನಿ."

"ಹೇಳು. ನಾಳೆಯಿಂದ ಜನ ಬಸ್ ಮಾಡ್ಕೊಂಡು ಬರ್ತಾರೆ, ಕಲ್ಲು ನೋಡೋಕೆ. ಫೋಟೋ ತೆಗಿಯೋಕೆ." ರೈಮೊ ಮೊದಲ ಸಲ ಅವನ ಕಡೆ ತಿರುಗಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ಇಳಿಯಬೇಕಾದ ನಿಲ್ದಾಣ ದಾಟಿಹೋದ ಮೇಲೆ ಎದ್ದುಬರುವ ಪ್ರಯಾಣಿಕನನ್ನು ನೋಡುವ ಹಾಗೆ ನೋಡಿದ. "ಹಾಡ್ಬೇಡ ಅಂತಾನೂ ಹೇಳಲ್ಲ. ಹಾಡದೇ ಇದ್ರೆ ಯಾಕೆ ಅಂತ ಕೇಳ್ತಾರೆ. ಒಂದೇ. ಆ ಸಾಲು ಬಂದಾಗ ಸುಮ್ನಿರು. ವಾದ್ಯ ನಡೀಲಿ. ನೀನು ಹೇಳ್ಬೇಡ. ತುಯ್ಯಾ ಅಷ್ಟೇ ಕೇಳಿದ್ದು. ಅದು ಅವನ ಬಾಯಲ್ಲಿ ಬರೋದು ಬೇಡ, ಅಂದ್ಲು."

"ಹೇಳಲ್ಲ," ಎಂದ ವೆಸಾ. "ಇನ್ಮೇಲೆ ಯಾವತ್ತೂ ಹೇಳಲ್ಲ. ಮಾತು ಕೊಡ್ತೀನಿ ರೈಮೊ."

'ಮಾತು' ಎಂಬ ಪದ ಅವನ ಕಿವಿಗೇ ಒಂಥರಾ ಕೇಳಿಸಿತು. ರೈಮೊ ತಲೆಯಾಡಿಸಿ ಕೆಳಗಿಳಿದ. ಬಾಗಿಲ ಹತ್ತಿರ ನಿಂತು, "ಬ್ಯಾಂಡಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ತಾತುಗೆ ಹೇಳಿದೀನಿ," ಎಂದ. "ಇದಕ್ಕೇ ಅಂತಲ್ಲ. ಬೆರಳು ನಡೆಯತ್ತೆ, ಒಳಗೆ ಏನೂ ಕೇಳ್ಸಲ್ಲ." ಆಮೇಲೆ ಷವರಿನ ಸದ್ದು ಬಂತು, ನಿಂತಿತು. ಒಬ್ಬನೇ ಕೂತ ವೆಸಾನಿಗೆ ಅಳಬೇಕೆನ್ನಿಸಿತು. ಆದರೆ ಅಳು ಬಂದರೆ ಅದನ್ನೂ ಹಾಡಿನ ಹಾಗೆ ಕೇಳಿಸಿಕೊಳ್ಳುತ್ತೇನೆ ಎಂದು ಗೊತ್ತಿದ್ದರಿಂದ ಹಲ್ಲು ಕಚ್ಚಿ ಕೂತ. ಹೊರಬಂದಾಗ ಗೂಟದಲ್ಲಿ ಅಂಗಿ ಇರಲಿಲ್ಲ. ತಾತು ಬಿಯರ್ ಕುಡಿಯದೆ ಕೈಯಲ್ಲಿ ಹಿಡಿದು ಕೂತಿದ್ದ. "ನಾನು ಬರ್ತೀನಿ ಸಂಜೆ," ಎಂದ. "ಹಿಂದೆ ನಿಂತಿರ್ತೀನಿ."

ಗಿರಣಿಯ ತನಕ ಅವನು ನಡೆದೇ ಹೋದ. ಎಷ್ಟೋ ತಿಂಗಳ ನಂತರ ಎದೆಯೊಳಗೆ ಒಂದು ಜಾಗ ಖಾಲಿಯಾಗಿ, ಅಲ್ಲಿ ಗಾಳಿಯಾಡುತ್ತಿತ್ತು. ಮಾಡಬೇಕಾದದ್ದು ಇಷ್ಟು ಸಣ್ಣದು, ಇಷ್ಟು ಸ್ಪಷ್ಟ: ಒಂದು ಸಾಲಿನಷ್ಟು ಹೊತ್ತು ಬಾಯಿ ಮುಚ್ಚಿರುವುದು. ಹಾಡುವುದಕ್ಕಷ್ಟೇ ಹುಟ್ಟಿದವನು ಹಾಡದೇ ಇದ್ದು ಒಂದು ಋಣ ತೀರಿಸಬಹುದು. ಆ ಮೌನದಲ್ಲಿ ವಾದ್ಯಗಳಷ್ಟೇ ನಡೆಯುತ್ತಿರುವುದನ್ನು ಊಹಿಸಿಕೊಂಡ. ಜನರಿಗೆ ಏನೂ ತಿಳಿಯುವುದಿಲ್ಲ. ಯಾರಿಗೂ ತಿಳಿಯದ ಕಡೆ ಪಿಹ್ಲಾ ಒಂದು ಗಳಿಗೆ ನಿಂತು ಹೋಗುತ್ತಾಳೆ. ಹೀಗೆಂದುಕೊಂಡವನು, ಇದು ಚೆನ್ನಾಗಿದೆ, ಬಹಳ ಚೆನ್ನಾಗಿದೆ ಅನ್ನಿಸಿದ್ದೇ ತಡ, ನಾಚಿಕೆಯಿಂದ ಹೆಜ್ಜೆ ಬಿರುಸಾಗಿಸಿದ. ರಭಸದ ಕಾಲುವೆ ಗಿರಣಿಯ ಇಟ್ಟಿಗೆ ಗೋಡೆಗಳ ನಡುವೆ ಮೊರೆಯುತ್ತಿತ್ತು. ಹೊಸ ಹುಡುಗರಿಗೆ, ಶೂ ಹಾಡಿನಲ್ಲಿ ಪಲ್ಲವಿ ಬಂದಾಗ ನಾನು ಹಾಡುವುದಿಲ್ಲ, ನೀವು ನುಡಿಸುತ್ತಲೇ ಇರಿ ಎಂದ. ಗಿಟಾರಿನವನು, "ಸೂಪರ್ ಸರ್, ಒಳ್ಳೇ ಐಡಿಯಾ," ಎಂದು ಕಣ್ಣರಳಿಸಿದ. ಯಾಕೆ ಅವನಿಗೆ ಅಷ್ಟು ಖುಷಿ ಎಂದು ವೆಸಾ ಯೋಚಿಸಲಿಲ್ಲ.

ಸಭಾಂಗಣ ತುಂಬಿತ್ತು. ಎತ್ತರದ ಕಿಟಕಿಗಳಿಂದ ಸಂಜೆಯ ಬಿಸಿಲು ಜನರ ಮುಖದ ಮೇಲೆ ನೇರ ಬೀಳುತ್ತಿದ್ದುದರಿಂದ ಎಲ್ಲರೂ ಕಾಣುತ್ತಿದ್ದರು. ವೇದಿಕೆಯ ಮೇಲಿಂದ ಅವನಿಗೆ ಯಾವತ್ತೂ ಯಾರೂ ಕಂಡಿರಲಿಲ್ಲ, ಕತ್ತಲಷ್ಟೇ. ಉಳಿದ ಹಾಡುಗಳನ್ನು ಹಾಡುವಾಗ ಅವರು ಮರ್ಯಾದೆಯಿಂದ ಕೇಳಿದರು, ತಮ್ಮತಮ್ಮಲ್ಲಿ ಪಿಸುಗುಟ್ಟಿದರು. ಕೊನೆಯಲ್ಲಿ, ಹಿಂದಿನ ಬಾಗಿಲಿನ ಹತ್ತಿರ, ಕೈ ಕಟ್ಟಿಕೊಂಡು ನಿಂತ ತಾತು ಕಂಡ. ರೈಮೊ ಇರಲಿಲ್ಲ. ಇರುತ್ತಾನೆಂದು ವೆಸಾ ಅಂದುಕೊಂಡಿರಲೂ ಇಲ್ಲ. ಆದರೂ ಅವನ ಕಣ್ಣು ಮೂಲೆಮೂಲೆಗೂ ಹೋಗಿ ಬಂತು.

ಆ ಹಾಡಿನ ಮೊದಲ ಸ್ವರಕ್ಕೇ ಜನ ಹೋ ಎಂದರು. ಅವನು ಕಣ್ಣು ಮುಚ್ಚಲಿಲ್ಲ. ಮೊದಲ ಚರಣ ಹಾಡಿದ. ಅದು ತನ್ನದು, ಬಾಗಿಲು, ದೀಪ, ಆರಿದ ಕಾಫಿ, ಯಾರು ಬೇಕಾದರೂ ಬರೆಯಬಹುದಾದದ್ದು. ಆ ಸಾಲು ಹತ್ತಿರ ಬಂತು. ಅವನು ತುಟಿ ಬಿಗಿದ. ಬಿಗಿದದ್ದು ಬಿಗಿದಂತೆಯೇ ಇತ್ತು. ಆ ಮಟ್ಟಿಗೆ ಅವನು ಕೊಟ್ಟ ಮಾತು ಉಳಿಸಿಕೊಂಡ. ಆದರೆ ಇಪ್ಪತ್ತು ವರ್ಷ, ಹಾಡುವುದನ್ನು ನಿಲ್ಲಿಸಿದಾಗಲೆಲ್ಲ ಅವನ ಬಲಗೈ ಒಂದು ಕೆಲಸ ಮಾಡುತ್ತ ಬಂದಿತ್ತು. ಅದನ್ನು ಅವನು ಯಾವತ್ತೂ ಹೇಳಿ ಮಾಡಿಸಿರಲಿಲ್ಲ, ಈಗಲೂ ಹೇಳಲಿಲ್ಲ. ಮೈಕನ್ನು ಬಾಯಿಂದ ತೆಗೆದ ಕೈ ತೋಳುದ್ದಕ್ಕೂ ಚಾಚಿ, ಅದನ್ನು ಜನರ ಕಡೆಗೆ ಹಿಡಿಯಿತು.

ಅವರು ಅದಕ್ಕೇ ಕಾದಿದ್ದವರಂತೆ ಎತ್ತಿಕೊಂಡರು. ಇಡೀ ಸಭಾಂಗಣ, ಗಂಡಸರು, ಹೆಂಗಸರು, ಮುಂದಿನ ಸಾಲಿನಲ್ಲಿ ಒಬ್ಬರ ಹೆಗಲಿಗೊಬ್ಬರು ಕೈ ಹಾಕಿದ ಹುಡುಗಿಯರು, ಬಾಯ್ತುಂಬ, ಒಂದಕ್ಷರ ತಪ್ಪದೆ, ಶೂ ಬಿಚ್ಚಬೇಡ, ಹಾಗೇ ಒಳಗೆ ಬಾ. 'ಹಾಗೇ' ಅನ್ನುವಲ್ಲಿ ಎಲ್ಲರೂ ಒಟ್ಟಿಗೆ ತಡೆದರು. ಕಬ್ಬಿಣದ ತೊಲೆಗಳು ಅದುರಿದವು. ಅವನು ತಲೆ ಅಲ್ಲಾಡಿಸಿದ, ಬೇಡ ಎಂದು, ಸಾಕು ಎಂದು; ಗದ್ಗದಿತನಾಗಿದ್ದಾನೆ ಎಂದುಕೊಂಡು ಅವರು ಇನ್ನೂ ಪ್ರೀತಿಯಿಂದ ಮತ್ತೊಮ್ಮೆ ಎತ್ತಿಕೊಂಡರು. ಗಿಟಾರಿನವನು ನಗುತ್ತ ಪಲ್ಲವಿಯನ್ನು ಮತ್ತೆ ಮತ್ತೆ ನುಡಿಸತೊಡಗಿದ. ಬಾಗಿಲ ಹತ್ತಿರ ತಾತು ಕೈ ಬಿಚ್ಚಿ, ಹೊರಗೆ ಬಿಸಿಲಿಗೆ ನಡೆದ. ವೆಸಾ ಬಾಯಿ ಮುಚ್ಚಿಕೊಂಡೇ ನಿಂತಿದ್ದ. ಅವರು ಹಾಡುತ್ತಲೇ ಇದ್ದರು. ಅವನಿಲ್ಲದೆಯೂ ಚೆನ್ನಾಗಿ ಹಾಡುತ್ತಿದ್ದರು.